ಯೋಡರ್ ಕೋಚ್ ಬಾಯಿ ಕಟ್ಟಿಕೊಂಡ ವರ್ಷ

ಇಂಡಿಯಾನಾದ ನಮ್ಮ ಮಿಲ್‌ಫೋರ್ಕ್ ಕಾಲೇಜಿಗೆ ಡೆಲ್ಬರ್ಟ್ ಯೋಡರ್ ಇಪ್ಪತ್ತೊಂಬತ್ತು ವರ್ಷಗಳಿಂದ ಬ್ಯಾಸ್ಕೆಟ್‌ಬಾಲ್ ಕೋಚ್. ಅವರ ಕಚೇರಿಯ ಪತ್ರ ಬರೆಯುವುದರಿಂದ ಹಿಡಿದು ಬಸ್ಸು ಗೊತ್ತುಮಾಡುವವರೆಗೆ ಎಲ್ಲ ಕೆಲಸವೂ ನನ್ನದು. ಅಂಕಣದಲ್ಲಿ ಅವರು ಬೈಯಲು ನಿಂತರೆ ಎದುರು ಬೀದಿಯ ಪಾದ್ರಿಗಳು ಚರ್ಚಿನ ಕಿಟಕಿ ಮುಚ್ಚಿಸುತ್ತಿದ್ದರು. ಹುಡುಗರು ನಾಲ್ಕು ವರ್ಷ ಬೈಸಿಕೊಂಡು, ಪದವಿ ಪಡೆದು ಹೋಗಿ, ತಮ್ಮ ಮದುವೆಗೆ ಮೊದಲು ಕರೆಯುತ್ತಿದ್ದುದು ಅವರನ್ನೇ.

ಆಮೇಲೆ ಕಾಲೇಜು ಆಟಗಾರರಿಗೂ ದುಡ್ಡು ಕೊಡಬಹುದು ಎಂದಾಯಿತು. ವರ್ಷವರ್ಷವೂ ಕಾಲೇಜು ಬದಲಾಯಿಸಬಹುದು ಎಂದೂ ಆಯಿತು. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಕೊನೆಯ ಪಂದ್ಯ ಸೋತ ವಾರದೊಳಗೆ ಹದಿಮೂರು ಹುಡುಗರಲ್ಲಿ ಹನ್ನೆರಡು ಜನ ಗಂಟುಮೂಟೆ ಕಟ್ಟಿದರು. ಸಹಾಯಕ ಕೋಚ್ ಕೂಡ ಅವರ ಹಿಂದೆಯೇ ಹೋದ. ಉಳಿದವನೊಬ್ಬನ ಕಾಲಿಗೆ ಪ್ಲಾಸ್ಟರ್ ಹಾಕಿತ್ತು.

"ನೀನಾದ್ರೂ ನಮ್ಮನ್ನ ಬಿಟ್ಟು ಹೋಗ್ಲಿಲ್ವಲ್ಲ ಮಗಾ," ಎಂದು ಕೋಚ್ ಅವನ ಬೆನ್ನು ತಟ್ಟಿದರು.

"ಹಾಗೇನಿಲ್ಲ ಕೋಚ್. ಪ್ಲಾಸ್ಟರ್ ಬಿಚ್ಚೋದು ಮುಂದಿನ ತಿಂಗಳು."

ಹೊಸಬರನ್ನು ಹುಡುಕಲು ಗೇರಿ ಪಟ್ಟಣಕ್ಕೆ ಹೊರಟಾಗ ಕಾರು ಓಡಿಸಿದ್ದು ನಾನೇ. ಅಲ್ಲಿ ಜಮಾರಿ ಪ್ರೂಯಿಟ್ ಎಂಬ ಆರಡಿ ಹತ್ತಂಗುಲದ ಹುಡುಗನಿದ್ದ. ಅವನನ್ನು ಸಾಕಿದ ಚಿಕ್ಕಮ್ಮ ಒಡೆಸ್ಸಾ ಕೇಶಾಲಂಕಾರದ ಅಂಗಡಿ ಇಟ್ಟಿದ್ದಳು. ಗಿರಾಕಿಯೊಬ್ಬಳ ಜಡೆ ಹೆಣೆಯುತ್ತಿದ್ದ ಕೈ ನಿಲ್ಲಿಸದೆಯೇ ಅವಳು ಕೇಳಿದಳು: "ಎಷ್ಟು ವರ್ಷದಿಂದ ಅದೇ ಕಾಲೇಜಲ್ಲಿದೀರಿ?"

"ಇಪ್ಪತ್ತೇಳು!" ಕೋಚ್ ಎದೆ ಉಬ್ಬಿಸಿದರು.

"ಅಯ್ಯೋ ಪಾಪ. ಬೇರೆ ಯಾರೂ ಕರೀಲೇ ಇಲ್ವಾ?"

ಗಿರಾಕಿ ನಕ್ಕ ರಭಸಕ್ಕೆ ಅರ್ಧ ಹೆಣೆದ ಜಡೆ ಬಿಚ್ಚಿಹೋಯಿತು. ಹಿಂದಿರುಗುವಾಗ ಎಪ್ಪತ್ತು ಮೈಲಿಯವರೆಗೆ ಕೋಚ್ ಎದುರು ಬಂದ ಲಾರಿಗಳನ್ನೆಲ್ಲ ಬೈದರು. ಆದರೂ ಜಮಾರಿ ಬಂದ. ಊರಿನ ವ್ಯಾಪಾರಸ್ಥರಿಂದ ಅವನಿಗಾಗಿ ಹಣ ಕೂಡಿಸಿದ್ದ ಟೈರ್ ಅಂಗಡಿಯ ಓರಿನ್ ಕ್ಲಾಪ್, ಮೊದಲ ದಿನವೇ ಕಚೇರಿಗೆ ಬಂದು ಕಟ್ಟಪ್ಪಣೆ ಮಾಡಿದ: "ನೀನು ಬೈದ್ರೆ ಹುಡುಗ ಹೋಗ್ತಾನೆ ಡೆಲ್ಬರ್ಟ್. ಈ ಸಲ ಬಾಯಿಗೆ ಬೀಗ ಹಾಕ್ಕೋ."

ಕೋಚ್ ಹಾಕಿಕೊಂಡರು. "ಜಮಾರಿ, ನಿನಗೇನೂ ತೊಂದ್ರೆ ಇಲ್ಲ ಅಂದ್ರೆ, ಒಂಚೂರು ಓಡ್ತೀಯಾಪ್ಪಾ?" ಎಂದು ಅವರು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅದುಮಿಟ್ಟ ಬೈಗುಳವೆಲ್ಲ ಮನೆಯಲ್ಲಿ ಹೊರಬೀಳುತ್ತಿತ್ತು. ಅವರ ಹೆಂಡತಿ ನೋರೀನ್ ನನಗೆ ಫೋನ್ ಮಾಡಿ, "ಇವತ್ತು ಪಾತ್ರೆ ತೊಳೆಯೋ ಮಷೀನಿಗೆ 'ನಿನಗೆ ನಾಚಿಕೆ ಆಗಲ್ವಾ, ಕೊನೇ ಐದು ನಿಮಿಷ ಸುಸ್ತಾಗ್ತೀಯಲ್ಲ' ಅಂದ್ರು ಕಣೇ," ಎಂದಳು. ಮೊದಲ ಹತ್ತು ಪಂದ್ಯಗಳಲ್ಲಿ ಎಂಟು ಸೋತೆವು.

ಜನವರಿಯ ಒಂದು ಪಂದ್ಯದಲ್ಲಿ ಎದುರಾಳಿಗಳು ಚೆಂಡು ಹಿಡಿದು ಬುಟ್ಟಿಯತ್ತ ನುಗ್ಗುತ್ತಿದ್ದಾಗ, ಜಮಾರಿ ಅರ್ಧ ದಾರಿಯಲ್ಲಿ ನಿಂತು ಕೂದಲು ಸರಿಮಾಡಿಕೊಂಡ. ಅಲ್ಲಿಗೆ ಬೀಗ ಮುರಿಯಿತು.

"ಏನೋ, ಬಸ್ಸಿಗೆ ಕಾಯ್ತಿದೀಯೇನೋ? ಬಸ್ಸು ಬಂತು, ಜನ ಇಳಿದ್ರು, ಪಾಯಿಂಟ್ ಮಾಡ್ಕೊಂಡು ಮನೆಗೂ ಹೋದ್ರು! ನೀನಿನ್ನೂ ತಲೆ ಬಾಚ್ಕೊಳ್ತಾ ನಿಂತಿದೀಯಲ್ಲೋ, ದೀಪದ ಕಂಬ!"

ಓರಿನ್ ಕ್ಲಾಪ್ ತಲೆ ಮೇಲೆ ಕೈ ಹೊತ್ತು ಕುಳಿತ. ಪಂದ್ಯ ಮುಗಿದದ್ದೇ ತಡ ಜಮಾರಿ ಚಿಕ್ಕಮ್ಮನಿಗೆ ಫೋನ್ ಹಚ್ಚಿದ. ಅಂದು ಗೆದ್ದಿದ್ದೆವು ಎಂಬುದು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಒಡೆಸ್ಸಾಳ ಕಾರು ಕಚೇರಿಯ ಮುಂದೆ ನಿಂತಿತು. ಕೋಚ್ ಎದ್ದು ಟೋಪಿ ತೆಗೆದು, "ತಪ್ಪಾಯ್ತಮ್ಮ," ಎಂದರು.

"ತಪ್ಪೇ ಮತ್ತೆ! ನವೆಂಬರ್‌ನಿಂದ ಯಾಕೆ ಬೈಲಿಲ್ಲ? 'ಚಿಕ್ಕಮ್ಮ, ಕೋಚ್ ನನ್ನನ್ನ ನೆಂಟರ ಥರ ನೋಡ್ತಾರೆ, ಅವರಿಗೆ ನಾನು ಬೇಡ ಅನ್ಸುತ್ತೆ' ಅಂತ ಹುಡುಗ ವಾರ ವಾರ ಅಳ್ತಿದ್ದ. ನಿನ್ನೆ ನಗ್ತಾ ಫೋನ್ ಮಾಡ್ದ. 'ದೀಪದ ಕಂಬ' ಅಂದ್ರಂತೆ?"

"ಅಂದೆ."

"ಕಡಿಮೆ ಆಯ್ತು. ಹುಟ್ಟಿದಾಗಿಂದ ಸೋಮಾರಿ ಅವನು," ಎಂದು ತಾನು ತಂದಿದ್ದ ಕರಿದ ಮೀನಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಕೋಚ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಅಲ್ಲಿಂದಾಚೆಗೆ ಹನ್ನೆರಡರಲ್ಲಿ ಒಂಬತ್ತು ಗೆದ್ದೆವು. ಏಪ್ರಿಲ್‌ನಲ್ಲಿ ಜಮಾರಿ ಹೋದ. ಕಡಲ ದಂಡೆಯ ದೊಡ್ಡ ಕಾಲೇಜೊಂದು, ನಮ್ಮ ಊರಿನ ಅಂಗಡಿಗಳನ್ನೆಲ್ಲ ಮಾರಿದರೂ ಹುಟ್ಟದಷ್ಟು ಹಣಕ್ಕೆ ಅವನನ್ನು ಕರೆದಿತ್ತು. ಹಿಂದಿನ ವರ್ಷದವರೆಲ್ಲ ಫೋನಿನಲ್ಲೇ ಸಂದೇಶ ಕಳಿಸಿ ಹೋಗಿದ್ದರೆ, ಅವನು ಮಾತ್ರ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು, ಕೋಚ್ ಎದುರು ಕುಳಿತು ಹೇಳಿದ.

"ಹೋಗು," ಎಂದರು ಕೋಚ್. "ನಿನ್ನ ಎಡಗೈ ಬರೀ ಗಡಿಯಾರ ಕಟ್ಟೋಕೆ ಇರೋದು ಅಂತ ಅಲ್ಲಿನ ಕೋಚ್‌ಗೆ ನಾನೇ ಹೇಳ್ತೀನಿ. ಇಲ್ಲಾಂದ್ರೆ ಮುದ್ದು ಮಾಡಿ ಕೆಡಿಸ್ತಾನೆ."

ಹೇಳಿದಂತೆಯೇ ಮಾಡಿದರು. ಆ ಕೋಚ್ ನಯವಾಗಿ ಧನ್ಯವಾದ ಹೇಳಿ ಫೋನ್ ಇಟ್ಟನಂತೆ.

ಈಗ ಭಾನುವಾರ ಮಧ್ಯಾಹ್ನ ಚರ್ಚು ಮುಗಿಯುತ್ತಲೇ ಜಮಾರಿಯೇ ಫೋನ್ ಮಾಡುತ್ತಾನೆ. "ಇಲ್ಲಿ ಎಲ್ರೂ ಬರೀ ಹೊಗಳ್ತಾರೆ ಕೋಚ್. ನಿನ್ನೆ ಆಟ ನೋಡಿದ್ರಾ?"

ಕೋಚ್ ನೋಡಿರುತ್ತಾರೆ. ಬೈಯಲು ಶುರುಮಾಡುತ್ತಾರೆ. ಅಡುಗೆಮನೆಯಿಂದ ನೋರೀನ್ ಬಂದು ಊಟದ ತಟ್ಟೆಯನ್ನು ಅವರ ತೊಡೆಯ ಮೇಲಿಟ್ಟು, ಕಿಟಕಿ ಮುಚ್ಚದೆಯೇ ಒಳಗೆ ಹೋಗುತ್ತಾಳೆ.