ಬ್ರಾಂಡಿಗೆ ನಮ್ಮ ಬಾವಿಯ ನೀರು

ಒಂದು ಬಾಟಲಿ ಬ್ರಾಂಡಿಗೆ ಎರಡು ಸಾವಿರ ರೂಪಾಯಿ ಕೊಟ್ಟೆ. ಕಾರಣ ನನ್ನ ಮಾವ. ಕಡಲ ಬದಿಯ ಬಾವಿಯಲ್ಲಿ ಉಪ್ಪುನೀರೇ ಬರುವುದೆಂದು ನಮ್ಮ ಪಡುಬಿದ್ರಿಯ ಹೊಸ ಮನೆಯನ್ನು ಹಳಿಯುತ್ತಿದ್ದವರು ಮೊದಲ ಸಲ ಊಟಕ್ಕೆ ಬರುವವರಿದ್ದರು.

"ಹಳೇ ಸ್ಟಾಕು, ಧೂಳು ಬೇರೆ. ಕಡಿಮೆ ಮಾಡಿ" ಎಂದು ಕಾರ್ಕಳದ ಅಂಗಡಿಯಲ್ಲಿ ಚೌಕಾಸಿಗಿಳಿದೆ. ಅಜ್ಜನ ಕಾಲದಿಂದ ಅದೇ ವ್ಯಾಪಾರ ನಡೆಸುತ್ತಿದ್ದ ಮನೆತನದ ಯಜಮಾನರು ನಕ್ಕರು. "ಪೀಪಾಯಿಯಿಂದ ನೀರು ಬೆರೆಸದೆ ಹಾಗೆಯೇ ತುಂಬಿಸಿದ್ದು ಮಾರಾಯ್ರೆ. ಬೇರೆ ಬಾಟಲಿಯಲ್ಲಿ ಕಂಪೆನಿಯವರ ನೀರಿಗೂ ದುಡ್ಡು ಕೊಡ್ತೀರಿ. ಇದಕ್ಕೆ ನಿಮ್ಮ ಬಾವಿಯದ್ದೇ ಹಾಕಿ, ಒಂದೂವರೆ ಬಾಟಲಿ ಆಗ್ತದೆ."

ಲೆಕ್ಕ ಸರಿ ಕಂಡಿತು, ಕೊಂಡೆ. ಬಾವಿನೀರು ಬೆರೆಸಿ ಕೊಟ್ಟ ಮೊದಲ ಗುಟುಕಿಗೇ ಮಾವನ ಹುಬ್ಬು ಮೇಲೇರಿತು. ಬರೀ ನೀರನ್ನೂ ಒಂದು ಲೋಟ ಕೇಳಿ ಕುಡಿದರು. "ಬ್ರಾಂಡಿ ಇರಲಿ ಮಾರಾಯ, ನಿನ್ನ ನೀರು ಎಂತ ಸಿಹಿ ಉಂಟು!"

ಹಳೆಯ ಬ್ರಾಂಡಿ ಕೊಳ್ಳುವವರೇ, ಧೂಳು ತೋರಿಸಿ ಬೆಲೆ ಇಳಿಸಲು ಹೋಗಬೇಡಿ. ಮೊದಲು ನಿಮ್ಮ ಬಾವಿಯ ನೀರಿನ ರುಚಿ ನೋಡಿಕೊಳ್ಳಿ.