ಹೊಗೆಸೊಪ್ಪು ಮೆತ್ತಗಾಗುವ ಹೊತ್ತು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಹೊಗೆಸೊಪ್ಪಿನ ಕಪ್ಪು ಅಂಟು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. ಆ ಕೈಯಲ್ಲೇ ಬಸ್ಸಿನ ಸೀಟಿಗೆ ಟವೆಲ್ ಹಾಕಿ ನನಗೆ ಜಾಗ ಹಿಡಿದಿರುತ್ತಿದ್ದರು. ಹೊಗೆಸೊಪ್ಪು ಬೆಳೆಯುವ ಮನೆಯವರು. ಅವರು ರಾವಂದೂರಿನಲ್ಲಿ ಹತ್ತುತ್ತಿದ್ದರು, ನಾನು ಹುಣಸೂರಿನಲ್ಲಿ. ಇಬ್ಬರಿಗೂ ಸ್ತನದ ಕ್ಯಾನ್ಸರ್. ರೇಡಿಯೇಷನ್‌ಗೆಂದು ದಿನಾ ಮೈಸೂರಿಗೆ ಹೋಗಿ ಬರುವವರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ.

ನಾನು ಬಟ್ಟೆ ಹೊಲಿಯುವವಳು. ಸುಮ್ಮನೆ ಕೂತರೂ ಕಾಲು ಹೊಲಿಗೆ ಮಿಷಿನ್ ತುಳಿಯುತ್ತಿರುತ್ತದೆ. ಅಂಥವಳನ್ನು ಕೈ ಮೇಲೆತ್ತಿಸಿ, ತಣ್ಣನೆ ಹಲಗೆಯ ಮೇಲೆ ಮಲಗಿಸಿ, "ಅಲುಗಾಡಬೇಡಿ" ಎಂದು ಬಾಗಿಲು ಹಾಕಿಕೊಂಡು ಹೋದರೆ ಏನಾಗಬೇಡ? ಭುಜ ಬಿಗಿಯುತ್ತಿತ್ತು, ಮೈ ಸರಿಯುತ್ತಿತ್ತು. ಎದೆಯ ಮೇಲೆ ಬರೆದ ಗುರುತು ಜಾಗ ತಪ್ಪಿತೆಂದು ರೇಡಿಯೇಷನ್ ಮಿಷಿನ್ ನೋಡಿಕೊಳ್ಳುವವರು ಮತ್ತೆ ಒಳಗೆ ಬರುತ್ತಿದ್ದರು. ನಾಲ್ಕನೆಯ ದಿನ ಮೂರು ಸಲ ಹಾಗಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ, "ನಾಳೆಯಿಂದ ನಾನು ಬರಲ್ಲ ಅಕ್ಕ. ಆಗಿದ್ದಾಗ್ಲಿ" ಎಂದೆ.

ಅಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ತಮ್ಮ ಬ್ಯಾರನ್ ಕೋಣೆಯ ಮಾತು ತೆಗೆದರು.

"ಬ್ಯಾರನ್ ಒಳಗೆ ಬೆಂದ ಸೊಪ್ಪು ನೋಡಿದ್ದೀಯಾ? ಗರಿಗರಿ ಅಂತದೆ. ಅವಸರಕ್ಕೆ ಮುಟ್ಟುದ್ರೆ ಪುಡಿ ಕಣವ್ವ. ಬಾಗ್ಲು ತೆಗ್ದು ಬುಟ್ಟು ಕಾಯ್ಬೇಕು. ತಂಪು ಗಾಳಿ ಆಡ್ತಾ ಆಡ್ತಾ ಅದೇ ಮೆತ್ತಗಾಯ್ತದೆ. ಎಲ್ಲಿ, ಮುಷ್ಟಿ ಬಿಗಿ ಮಾಡು. ಇನ್ನೂ ಬಿಗಿ. ಈಗ ಬುಡು."

ಮುಷ್ಟಿ, ಆಮೇಲೆ ಭುಜ, ಆಮೇಲೆ ದವಡೆ. ಬಿಗಿದು ಬಿಡುವುದು, ಜೊತೆಗೆ ಉಸಿರನ್ನೂ ನಿಧಾನವಾಗಿ ಬಿಡುವುದು. ಬಿಳಿಕೆರೆ ದಾಟುವ ತನಕ ಮಾಡಿಸಿದರು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು.

"ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ಆಸ್ಪತ್ರೆ ನರ್ಸಮ್ಮ ಏಳ್ಕೊಟ್ಳು. ಸೊಪ್ಪಿನ ಮಾತು ಮಾತ್ರ ನಂದು."

ಮರುದಿನ ಹಲಗೆಯ ಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬ್ಯಾರನ್ನಿನ ಬಾಗಿಲು ತೆಗೆದೆ. ಒಂದೇ ಸಲಕ್ಕೆ ಮುಗಿಯಿತು. ಹೊರಗೆ ಬಂದು ಅಕ್ಕನ ಹೆಗಲ ಮೇಲೆ ಅತ್ತುಬಿಟ್ಟೆ.

ಅವರ ಚಿಕಿತ್ಸೆ ನನಗಿಂತ ಆರು ದಿನ ಮೊದಲೇ ಮುಗಿಯಿತು. ಹೊಲದಲ್ಲಿ ಸೊಪ್ಪು ಮುರಿಯುವ ಕಾಲ, ಅವರ ಮನೆಯಲ್ಲಿ ಒಬ್ಬರಿಗೂ ಪುರುಸೊತ್ತಿರಲಿಲ್ಲ. ಇನ್ನು ಒಬ್ಬಳೇ ಹೇಗೆ ಹೋಗುವುದೆಂದು ಚಡಪಡಿಸುತ್ತಾ ಬಸ್ಸು ಹತ್ತಿದರೆ, ಸೀಟಿನ ಮೇಲೆ ಅದೇ ಟವೆಲ್. ಪಕ್ಕದಲ್ಲಿ ಅಕ್ಕ.

"ನಿಮ್ಮದು ಮುಗೀತಲ್ಲಕ್ಕ?"

"ನಿಂದು ಮುಗ್ದಿಲ್ವಲ್ಲ. ಕೂತ್ಕೊ."

ಆರು ದಿನವೂ ಬಂದರು.

ಎರಡು ವರ್ಷದ ಮೇಲೆ ಅವರ ಕಾಯಿಲೆ ತಿರುಗಿ ಬಂತು. ನೋಡಲು ರಾವಂದೂರಿಗೆ ಹೋದೆ. ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿದ್ದರು. ಅವರ ಕೈ ಹಿಡಿದು ಕೂತೆ. ಉಗುರಿನ ಸುತ್ತಲ ಕಪ್ಪು ಹೋಗಿಬಿಟ್ಟಿತ್ತು. ಅದನ್ನು ನೋಡಲಾಗಲಿಲ್ಲ. ನನ್ನ ಕಾಲು ಆಗಲೇ ಮಿಷಿನ್ ತುಳಿಯುತ್ತಿತ್ತು. ಹತ್ತು ನಿಮಿಷಕ್ಕೆ, "ಬಸ್ಸಿಗೆ ಹೊತ್ತಾಯ್ತಕ್ಕ" ಎಂದು ಎದ್ದೆ. ಇನ್ನೂ ಎರಡು ಬಸ್ಸಿತ್ತು. ಅದು ಅವರಿಗೂ ಗೊತ್ತಿತ್ತು.

"ಓಗ್ ಬಾ ಕಣವ್ವ" ಎಂದರು. ಬಾಗಿಲ ಹತ್ತಿರ ಹೋದವಳನ್ನು ಮತ್ತೆ ಕರೆದರು. "ಭುಜ ಬಿಗ್ದುಕೊಂಡಿದ್ದೀಯ ನೋಡು. ಬುಡು."

ಮೂರನೆಯ ದಿನ ಅಕ್ಕ ಹೋದ ಸುದ್ದಿ ಬಂತು. ನನಗೋಸ್ಕರ ಆರು ದಿನ ಬಸ್ಸಿನಲ್ಲಿ ಕೂತವರ ಹತ್ತಿರ ನಾನು ಒಂದು ಗಂಟೆಯೂ ಕೂರಲಿಲ್ಲ.