ಕೆಂಪು ತಂತಿಯ ಗಂಟು

ಧರೆಪ್ಪಣ್ಣ ಇನ್ನು ಮುಂದೆ ಉಪಕರಣ ಮುಟ್ಟಕೂಡದು ಎಂಬ ಸುತ್ತೋಲೆಯನ್ನು ಟೈಪ್ ಮಾಡಿ ಫಲಕಕ್ಕೆ ಹಚ್ಚಿದವಳು ನಾನೇ. ಹಾಳಾಗಿ ಹೋಗಲಿ ಆ ಸುತ್ತೋಲೆ! ನೌಕರಿ ಮಾಡಬೇಕಲ್ಲ, ಹಚ್ಚಿದೆ. ನಾನು ಕಾವೇರಿ, ಜಮಖಂಡಿಯಲ್ಲಿರುವ ವಿಶ್ವವಿದ್ಯಾಲಯದ ವಿಜ್ಞಾನ ಕೇಂದ್ರದ ಟೈಪಿಸ್ಟ್. ಧರೆಪ್ಪಣ್ಣ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಕಾಗದದ ಮೇಲೆ ಅವನ ಕೆಲಸ ಕಸ ಹೊಡೆಯುವುದು, ನೀರು ತುಂಬುವುದು. ಆದರೆ ಇಪ್ಪತ್ತೆರಡು ವರ್ಷದಿಂದ ಆ ಪ್ರಯೋಗಾಲಯದಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಿದವನು ಅವನೇ.

ಅವನದು ಬನಹಟ್ಟಿಯ ನೇಕಾರರ ಮನೆ. ಹೆಂಡತಿ ಶಿವಗಂಗವ್ವ ಈಗಲೂ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ಅವರಲ್ಲಿ ಒಂದು ಪದ್ಧತಿ ಇದೆ. ಒಂದು ಸೀರೆಯ ಹಾಸು, ಅಂದರೆ ಉದ್ದದ ಎಳೆ, ಮುಗಿದಾಗ ಮಗ್ಗವನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಹಾಗೇ ಉಳಿಸಿ, ಹೊಸ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಗಂಟು ಹಾಕುತ್ತಾರೆ. ೨೦೦೧ರಲ್ಲಿ ಉಪಕರಣಗಳಿಗೆ ಕರೆಂಟು ಕೊಡುವ ನಮ್ಮ ಪವರ್ ಸಪ್ಲೈ ಡಬ್ಬಿ ಸುಟ್ಟುಹೋದಾಗ ಧರೆಪ್ಪಣ್ಣ ಒಳಗಿನ ತಂತಿಯನ್ನೆಲ್ಲ ಹೊಸದಾಗಿ ಹಾಕಿದ. ಹಾಕಿ, ಹಳೆಯ ಕೆಂಪು ತಂತಿಯ ಗೇಣುದ್ದದ ತುಂಡೊಂದನ್ನು ಹೊಸ ತಂತಿಯ ರಬ್ಬರಿನ ಮೇಲೆಯೇ ಗಂಟು ಹಾಕಿ ಬಿಟ್ಟ. ಆ ತುಂಡಿನಲ್ಲಿ ಕರೆಂಟು ಹರಿಯುವುದಿಲ್ಲ, ಅದು ಯಾವುದಕ್ಕೂ ಜೋಡಿಸಿಲ್ಲ. ಪದ್ಧತಿ ಅಂತ ಇದೆ, ಅಷ್ಟೇ.

೨೦೧೦ರಲ್ಲಿ ವಿಶ್ವವಿದ್ಯಾಲಯಕ್ಕೆ ತಾಂತ್ರಿಕ ಸಿಬ್ಬಂದಿಯನ್ನು ಬೆಳೆಸಬೇಕೆಂಬ ಹುಕಿ ಬಂತು. ತರಬೇತಿ ಪಡೆದು ಪ್ರಮಾಣಪತ್ರ ತಂದವರು ಮಾತ್ರ ಉಪಕರಣ ಮುಟ್ಟಬೇಕು, ಉಳಿದ ಸಿಬ್ಬಂದಿ ದೂರ ನಿಲ್ಲಬೇಕು ಎಂದು ಸುತ್ತೋಲೆ ಹೊರಟಿತು. ಮುಧೋಳ, ಬೀಳಗಿ ಕಡೆಯಿಂದ ಹದಿನೆಂಟು ಜನ ತರಬೇತಿಗೆ ನಮ್ಮಲ್ಲಿಗೇ ಬಂದರು. ಯಾಕೆಂದರೆ ಸುತ್ತಮುತ್ತ ಕೆಲಸ ಮಾಡುವ ಡಬ್ಬಿ ಇದ್ದದ್ದು ನಮ್ಮಲ್ಲಿ ಒಂದೇ.

ಕಲಿಸಲು ಧಾರವಾಡದ ಕಡೆಯಿಂದ ಅಮಿತ ಸರ್ ಬಂದಿದ್ದರು. ಎಳೆ ವಯಸ್ಸು, ಇಸ್ತ್ರಿ ಅಂಗಿ, ಕಿಸೆಯಲ್ಲಿ ನಾಲ್ಕು ಪೆನ್ನು. ಅವರು ಡಬ್ಬಿಯ ಮುಚ್ಚಳ ತೆಗೆದು ಅರ್ಧ ತಾಸು ನೋಡಿದರು. ಅವರ ಲೆಕ್ಕ ಇಷ್ಟೇ: ಬೇರೆ ಊರಿನ ಕೆಟ್ಟ ಡಬ್ಬಿಗಳಲ್ಲಿ ಇಂಥ ಕೆಂಪು ತಂತಿ ಇಲ್ಲ. ಕೆಡದ ಈ ಡಬ್ಬಿಯಲ್ಲಿ ಇದೆ. ಅಂದಮೇಲೆ ಡಬ್ಬಿ ನಡೆಯುತ್ತಿರುವುದೇ ಕೆಂಪು ತಂತಿಯಿಂದ! ಅದಕ್ಕೆ ‘ಸ್ಥಿರತಾ ತಂತಿ’ ಎಂದು ಹೆಸರಿಟ್ಟು, ಚಿತ್ರ ಬರೆದು, ಹದಿನೆಂಟು ಜನರಿಗೂ ಝೆರಾಕ್ಸ್ ಹಂಚಿದರು. ಪರೀಕ್ಷೆಯಲ್ಲಿ ತಪ್ಪಿದರೆ ಫೇಲು ಎಂಬ ಹತ್ತು ಅಂಕದ ಕಡ್ಡಾಯ ಪ್ರಶ್ನೆಯೂ ಅದೇ ಆಯಿತು: ಕೆಂಪು ತಂತಿಯ ಕಾರ್ಯವೇನು?

ಎಲ್ಲರೂ ಝೆರಾಕ್ಸಿನಲ್ಲಿದ್ದದ್ದನ್ನು ಬರೆದು ಪಾಸಾದರು. ಅವರ ಜೊತೆಗೇ ಪರೀಕ್ಷೆಗೆ ಕೂತಿದ್ದ ಧರೆಪ್ಪಣ್ಣ ‘ಏನೂ ಇಲ್ಲ’ ಎಂದು ಬರೆದು ಫೇಲಾದ.

ನನಗೆ ತಲೆ ಕೆಟ್ಟಿತು. “ಅವ್ರು ಹೇಳಿದ್ದ ಬರದ್ರ ನಿನ್ನ ಗಂಟೇನ ಹೋಗ್ತಿತ್ತು ಅಣ್ಣಾ?” ಎಂದು ಬೈದೆ.

“ಅಕ್ಕಾರ, ಆ ತುಂಡ ನಾನ ಕಟ್ಟೇನ್ರಿ,” ಎಂದ. “ಅದು ಏನೂ ಮಾಡೂದಿಲ್ಲಂತ ನನಗ ಗೊತ್ತೈತಿ. ಸುಳ್ಳ ಹೆಂಗ ಬರೀಲಿ?”

ಅಂದಿನಿಂದ ಅವನು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತ. ಒಳಗೆ ಒಂದೊಂದೇ ಉಪಕರಣ ಕೆಡುತ್ತ ಬಂತು. ಪ್ರಮಾಣಪತ್ರ ಇದ್ದವರು ಬಂದು, ಇದರಲ್ಲಿ ಕೆಂಪು ತಂತಿ ಇಲ್ಲವಲ್ಲ ಎಂದು ಲೊಚಗುಟ್ಟಿ ಹೋದರು. ಧರೆಪ್ಪಣ್ಣನ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ನನಗೆ ಆ ಕಡೆ ನೋಡುವುದೇ ಆಗುತ್ತಿರಲಿಲ್ಲ, ಅಷ್ಟು ಸಂಕಟ.

ಫೇಲಾದವರಿಗೆ ಪ್ರಾಯೋಗಿಕ ಪರೀಕ್ಷೆಯ ಇನ್ನೊಂದು ಅವಕಾಶ ಇತ್ತು. ಅದೇ ಕೊನೆಯದು. ಆ ದಿನ ಗಡಿಬಿಡಿಯಲ್ಲಿ ಧರೆಪ್ಪಣ್ಣ ಬುತ್ತಿ ಮರೆತು ಬಂದಿದ್ದ. ಶಿವಗಂಗವ್ವ ರೊಟ್ಟಿ ಗಂಟು ಹಿಡಿದು ಬಸ್ಸು ಹತ್ತಿ ಬಂದವಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ನಾನು ಒಳಗೆ ಅಂಕಪಟ್ಟಿ ಹಿಡಿದು ಕೂತಿದ್ದೆ. ಮುಚ್ಚಳ ತೆಗೆದ ಡಬ್ಬಿ ಮೇಜಿನ ಮೇಲೆ ಚಾಲೂ ಇತ್ತು. ಅದರ ವೋಲ್ಟ್ ಮೀಟರಿನ ಮುಳ್ಳು ಹನ್ನೆರಡರ ಮೇಲೆ ನಿಂತಿತ್ತು.

“ಈ ಸ್ಥಿರತಾ ತಂತಿ ತಗದ್ರ ಏನಾಗ್ತದ?” ಎಂದರು ಅಮಿತ ಸರ್.

“ಏನೂ ಆಗೂದಿಲ್ರಿ.”

“ಹಂಗಾರ ತಗದು ತೋರಸ್ರಿ.”

“ಮುಟ್ಟಾಕ ನನಗ ಪರವಾನಗಿ ಇಲ್ರಿ.”

“ಪಾಸಾದ್ರ ಪರವಾನಗಿ ಸಿಗ್ತದ.”

“ಮುಟ್ಟದ ಪಾಸ್ ಹೆಂಗ ಆಗ್ಲಿರಿ? ನೀವ ತಗೀರಿ.”

“ನಾ ತಗದು ಡಬ್ಬಿ ಕೆಟ್ರ ಜವಾಬ್ದಾರಿ ಯಾರದು?” ಸರ್ ಎರಡು ಹೆಜ್ಜೆ ಹಿಂದೆ ಸರಿದರು.

ಇದು ಹೀಗೇ ಮೂರು ಸುತ್ತು ನಡೆಯಿತು. ಶಿವಗಂಗವ್ವ ಬಾಗಿಲಿಂದ ಒಳಗೆ ಬಂದು ಡಬ್ಬಿಯಲ್ಲಿ ಇಣುಕಿದಳು. “ಅಯ್ಯ, ಇದು ನಮ್ಮ ಮಗ್ಗದ ಗಂಟಲ್ಲೇನ್ರಿ!” ಎಂದವಳೇ ಎರಡು ಉಗುರಲ್ಲಿ ಹಿಡಿದು ಗಂಟು ಬಿಚ್ಚಿ, ಕೆಂಪು ತುಂಡನ್ನು ಕೈಗೆ ತೆಗೆದುಕೊಂಡಳು. ಸುತ್ತೋಲೆ ಸಿಬ್ಬಂದಿಗೆ ಮಾತ್ರ. ಅವಳು ಸಿಬ್ಬಂದಿಯಲ್ಲ, ಯಾರೂ ತಡೆಯುವಂತಿರಲಿಲ್ಲ.

ಮುಳ್ಳು ಹನ್ನೆರಡರ ಮೇಲೇ ಇತ್ತು.

ಅಮಿತ ಸರ್ ಬಗ್ಗಿ ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದರು. “ಒಂಬತ್ತು ವರ್ಷ ಸ್ಥಿರ ಇದ್ದೂ ಇದ್ದೂ ಡಬ್ಬಿಗೆ ರೂಢಿ ಆಗ್ಯದ,” ಎಂದರು. ಆಮೇಲೆ ಅಂಕಪಟ್ಟಿ ತೆಗೆದುಕೊಂಡು ‘ಪ್ರಯೋಗ ಮಾಡಿದವರ ಹೆಸರು’ ಎಂಬಲ್ಲಿ ತಾವು ಕಣ್ಣಾರೆ ಕಂಡದ್ದನ್ನೇ ಬರೆದರು: ಶಿವಗಂಗವ್ವ. ನೂರಕ್ಕೆ ನೂರು. ಸಹಿ, ಮೊಹರು. ಧರೆಪ್ಪಣ್ಣನ ಹೆಸರಿನ ಮುಂದೆ ‘ಪ್ರಯೋಗ ಮಾಡಲಿಲ್ಲ’.

ಸಿಟ್ಟಿನಲ್ಲಿ ಅಂಕಪಟ್ಟಿ ಕಿತ್ತುಕೊಂಡು ಟೈಪ್ ಯಂತ್ರದ ಮುಂದೆ ಕೂತೆ. ಆದರೂ ಪ್ರಮಾಣಪತ್ರ ಟೈಪ್ ಮಾಡುವ ಮೊದಲು ಆ ದರಿದ್ರ ಸುತ್ತೋಲೆಯನ್ನು ಮತ್ತೊಮ್ಮೆ ಓದಿದೆ. ಏಳನೆಯ ಕಲಮಿನಲ್ಲಿ ಒಂದು ಸಾಲು ಸಿಕ್ಕಿತು: ಪ್ರಮಾಣಪತ್ರ ಪಡೆದವರು ಎದುರಿಗಿದ್ದು ಅನುಮತಿ ಕೊಟ್ಟರೆ ಉಳಿದವರೂ ಉಪಕರಣ ಮುಟ್ಟಬಹುದು. ಪುಣ್ಯಾತ್ಮ ಯಾರು ಬರೆದನೋ! ಪ್ರಮಾಣಪತ್ರದಲ್ಲಿ ಶಿವಗಂಗವ್ವನ ಹೆಸರನ್ನು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಕೊಟ್ಟೆ.

ಮುಂದಿನ ಸೋಮವಾರ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಬಂದಿಳಿದರು. ಅವಳು ಬಾಗಿಲ ಬಳಿಯ ಸ್ಟೂಲನ್ನು ಒಳಗೆ ಎಳೆದುಕೊಂಡು ಕೂತಳು. ಅವನು ತಿಂಗಳಿಂದ ಸತ್ತು ಬಿದ್ದಿದ್ದ ಒಂದು ಮೀಟರನ್ನು ಬಿಚ್ಚಿದ. ಕೂದಲಿನಷ್ಟು ಸಣ್ಣ ತಂತಿಯನ್ನು ಉಸಿರು ಬಿಗಿಹಿಡಿದು ಸುತ್ತಿದ, ಬೆಸೆದ. ಮುಳ್ಳು ಎದ್ದು ನಿಂತಿತು. ಶಿವಗಂಗವ್ವ ಎರಡು ತಾಸು ರೆಪ್ಪೆ ಬಡಿಯದೆ ಅವನ ಬೆರಳುಗಳನ್ನೇ ನೋಡಿದಳು.

“ಇಷ್ಟ ವರ್ಷ ನೀವಿಲ್ಲಿ ಕಸಾ ಹೊಡೀತೀರಿ ಅಂತ ತಿಳ್ಕೊಂಡಿದ್ದೆ,” ಎಂದಳು.

ಧರೆಪ್ಪಣ್ಣ ಪವರ್ ಸಪ್ಲೈ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಹೆಂಡತಿಯ ಮುಂದೆ ಕೈ ಚಾಚಿದ. ಅವಳು ಸೆರಗಿನ ತುದಿಯಲ್ಲಿ ಕಟ್ಟಿಟ್ಟಿದ್ದ ಕೆಂಪು ತುಂಡನ್ನು ಬಿಚ್ಚಿ ಕೊಟ್ಟಳು.

“ಕಟ್ಟಲೇನು?” ಎಂದು ಕೇಳಿದ. ಅನುಮತಿ ಕೇಳಬೇಕಲ್ಲ.

“ಕಟ್ರಿ,” ಎಂದಳು.